ಕೆಳಗಿನ ಅರೆಯ ಬಿಸ್ಕತ್ತಿನ ಡಬ್ಬಿ

ಉಮಾಮಹೇಶ್ವರನ ಕಷ್ಟಗಳಿಗೆಲ್ಲ ಮೂಲ, ಯಾರು ಏನು ಕೊಟ್ಟರೂ ಎರಡೂ ಕೈ ಚಾಚಿ ತೆಗೆದುಕೊಳ್ಳುವ ಅಭ್ಯಾಸ. "ಸ್ವಲ್ಪ ಇಟ್ಕೊಂಡಿರಿ" ಎಂದರೆ ಸಾಕು, ಛತ್ರಿಯಾಗಲಿ, ಅಳುವ ಮಗುವಾಗಲಿ, ಯಾರದೋ ಮನೆಯ ಬೀಗದ ಕೈಯಾಗಲಿ, ಕೊಟ್ಟವರು ಮರೆತರೂ ಅವನು ಮರೆಯುತ್ತಿರಲಿಲ್ಲ.

ಮೈಸೂರಿನವನಾದ ಅವನು ತಿರುವನಂತಪುರದ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ನಲ್ಲಿ, ಬಲ್ಬು, ಹುಲ್ಲುಹಾಸು ಇವುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಒಂದು ಹಸಿರು ಬೀರುವೂ ಅವನ ಸುಪರ್ದಿಯಲ್ಲಿತ್ತು. ಅದರ ಮೇಲಿನ ಲಾಕರಿನ ಕೀಲಿ ಮಾತ್ರ ಎಚ್.ಆರ್. ನೋಡಿಕೊಳ್ಳುವ, ಎಲ್ಲರೂ ಅಕ್ಕ ಎಂಬಂತೆ ಚೇಚ್ಚಿ ಎನ್ನುವ ಗ್ರೇಸಿಯ ಕೈಯಲ್ಲಿ. ಮೂರು ವರ್ಷದ ಬಾಂಡಿಗೆ ಸಹಿ ಹಾಕಿದವರ ಮೂಲ ಅಂಕಪಟ್ಟಿಗಳೆಲ್ಲ ಆ ಲಾಕರಿನಲ್ಲಿದ್ದವು. ಮುಂದಿನ ತಿಂಗಳು ಮೈಸೂರಿನಲ್ಲಿ ಬ್ಯಾಂಕಿನ ಸಂದರ್ಶನವಿದೆ, ನನ್ನದು ಬೇಕಿತ್ತು ಎಂದು ಅವನು ಕೇಳಿದ್ದಕ್ಕೆ, ಅಲ್ಲೇ ಇರಲಿ, ನಿನ್ನ ರೂಮಿನಲ್ಲಿ ಗೆದ್ದಲು ಎಂದಿದ್ದಳು. ಗೆದ್ದಲಿನ ಮಾತು ಅವನಿಗೂ ಸರಿಯೆನಿಸಿ ಸುಮ್ಮನಾಗಿದ್ದ.

ಗುರುವಾರ ಸಂಜೆ ಗ್ರೇಸಿ ಅವನಿಗೆ ಒಂದು ಫಾರಂ ಕೊಟ್ಟಳು. ಸೋಮವಾರ ಲಂಡನ್ನಿನ ಗಿರಾಕಿಗಳು ಬರುತ್ತಾರಂತೆ. ಇಲ್ಲಿ ಯಾರನ್ನೂ ಬಲವಂತವಾಗಿ ದುಡಿಸುತ್ತಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕಂತೆ. ತೋಟದ ಕೆಲಸದ ಹನ್ನೊಂದು ಜನರೂ ಕೊಪ್ಪಳದ ಕಡೆಯವರು. ಕನ್ನಡ ಬಲ್ಲವನು ನೀನೊಬ್ಬನೇ, ಕೇಳಿ ತುಂಬಿಸು ಎಂದಳು.

ಐದು ಪ್ರಶ್ನೆಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿದವು. ಆರನೆಯದು: ನಿಮ್ಮ ಮೂಲ ಕಾಗದಪತ್ರ ಬೇರೆ ಯಾರಾದರೂ ಇಟ್ಟುಕೊಂಡಿದ್ದಾರೆಯೇ?

ಹುಲ್ಲು ಕತ್ತರಿಸುತ್ತಿದ್ದ ಹಾಲಪ್ಪ ಕತ್ತರಿ ಕೆಳಗಿಟ್ಟ. "ಬಂದ ದಿನಾನ ವಿಲ್ಸನ್ ಸಾಹೇಬ್ರು ಎಲ್ಲಾರ ಆಧಾರು, ರೇಷನ್ ಕಾರ್ಡು ಇಸಗೊಂಡಾರ್ರೀ. ಎಂಟು ತಿಂಗಳಾತು. ಮಗಳಿಗೆ ಹಾಸ್ಟೆಲ್ ಸೀಟು ಸಿಕ್ಕೈತಿ. ಸೋಮವಾರ ರೇಷನ್ ಕಾರ್ಡು ತೋರಸಬೇಕು, ಇಲ್ಲಾಂದ್ರ ಸೀಟು ಬ್ಯಾರೇದವರಿಗೆ. ಊರಿಗೆ ಹೋಗ್ತೀನಂದ್ರ, ಹೋಗು, ಕಾರ್ಡು ಇಲ್ಲೇ ಇರತೈತಿ ಅಂತಾರ."

ಉಮಾಮಹೇಶ್ವರನ ಪೆನ್ನು 'ಇಲ್ಲ' ಎಂಬ ಖಾನೆಯ ಮೇಲೆ ನಿಂತೇಬಿಟ್ಟಿತು. ಕಂಟ್ರಾಕ್ಟರ್ ವಿಲ್ಸನ್ ಅವನಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಹತ್ತು ವರ್ಷ ನರ್ಸರಿ ನಡೆಸಿ ಕನ್ನಡ ಕಲಿತವನು, ಸದಾ ನಗುಮುಖದವನು. ಫೋನು ಮಾಡಿದರೆ, ಕೊಚ್ಚಿಯಲ್ಲಿದ್ದೇನೆ, ಕಾರ್ಡುಗಳು ಬಹಳ ಭದ್ರವಾದ ಜಾಗದಲ್ಲಿವೆ, ಸರ್ ಚಿಂತೆ ಮಾಡಬಾರದು ಎಂದು ನಕ್ಕು ಇಟ್ಟುಬಿಟ್ಟ. ಮತ್ತೆ ಎತ್ತಲಿಲ್ಲ.

ನಾಳೆಯೇ ಕೊಚ್ಚಿಗೆ ಹೋಗುತ್ತೇನೆ ಎಂದು ಉಮಾಮಹೇಶ್ವರ ಹೇಳಿದಾಗ ಗ್ರೇಸಿ ಬೇಡವೆನ್ನಲಿಲ್ಲ. ಹೇಗೂ ಹೋಗುತ್ತೀಯಲ್ಲ, ಅಲ್ಲೇ ಕಲೂರಿನ ನಮ್ಮ ಹೆಡ್ಡಾಫೀಸಿಗೆ ಕೊಟ್ಟು ಸಹಿ ತಗೊಂಡು ಬಾ ಎಂದು ಅಂಟು ಹಾಕಿದ ದಪ್ಪ ಲಕೋಟೆಯೊಂದನ್ನು ಚಾಚಿದಳು. ಅವನು ಎರಡೂ ಕೈ ಚಾಚಿದ.

ಶುಕ್ರವಾರ ಬೆಳಗಿನ ರೈಲಿಗೆ ಅವನೂ ಹಾಲಪ್ಪನೂ ತಂಪಾನೂರಿನ ಸ್ಟೇಷನ್ನಿನಲ್ಲಿ ಹತ್ತಿದರು. ಲಕೋಟೆಯನ್ನು ಬಾಣಂತಿಯ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮೇಲೆ ಹಾಲಪ್ಪನ ಬುತ್ತಿ ಇಡಲೂ ಬಿಡದೆ ಕೂತ. ಎದುರು ಸೀಟಿನ ಹೆಂಗಸು ಹಾಲಪ್ಪನನ್ನೂ ಲಕೋಟೆಯನ್ನೂ ನೋಡಿ, ಪಾಪ, ಏನು ಕದ್ದನಂತೆ, ಯಾವ ಜೈಲಿಗೆ ಎಂದು ಮಲಯಾಳದಲ್ಲಿ ವಿಚಾರಿಸಿದಳು. ಅಲ್ಲಮ್ಮ, ಇವನದನ್ನೇ ಬೇರೆಯವರು ಇಟ್ಟುಕೊಂಡಿದ್ದಾರೆ ಎಂದು ಉಮಾಮಹೇಶ್ವರ ವಿವರಿಸುವಷ್ಟರಲ್ಲಿ ಇಡೀ ಬೋಗಿಗೇ ಇವನು ಪೊಲೀಸಾಗಿದ್ದ. ಟೀ ಮಾರುವವನು ಕಾಸೇ ತೆಗೆದುಕೊಳ್ಳಲಿಲ್ಲ.

ವಿಲ್ಸನ್ನನ ನರ್ಸರಿ ಕಲೂರಿನ ಸ್ಟೇಡಿಯಮ್ಮಿನ ಹಿಂದೆ. ಅವನಿನ್ನೂ ಬಂದಿರಲಿಲ್ಲ. ಅಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಜಲಜಾ, ಕಾಗದಪತ್ರ ಇದ್ದರೆ ಹಿಂದಿನ ಶೆಡ್ಡಿನಲ್ಲಿ ಇರಬಹುದು ಎಂದಳು. ಉಮಾಮಹೇಶ್ವರ ಶೆಡ್ಡಿನತ್ತ ನುಗ್ಗಿದ. ನಡುವೆ ತೆಂಗಿನ ಗರಿ ಮುಚ್ಚಿದ ಗೊಬ್ಬರದ ಗುಂಡಿ ಇದ್ದದ್ದನ್ನು ಅವಳು ಹೇಳುತ್ತಿದ್ದಂತೆಯೇ ಅವನು ಎದೆಮಟ್ಟ ಅದರೊಳಗಿದ್ದ. ಲಕೋಟೆ ಹಿಡಿದ ಕೈ ಮಾತ್ರ ಕೆರೆಯ ನಡುವಿನ ದೀಪದ ಕಂಬದಂತೆ ಮೇಲೆ ನಿಂತಿತ್ತು. ಹಾಲಪ್ಪ ಮೊದಲು ಲಕೋಟೆಯನ್ನು, ಆಮೇಲೆ ಅವನನ್ನು ಎತ್ತಿದ. ಜಲಜಾ ಪೈಪು ಹಿಡಿದು ಸಂಪಿಗೆ ಗಿಡಕ್ಕೆ ಹಾಕುವಂತೆ ಅವನಿಗೂ ನೀರು ಹಾಕಿದಳು.

ಆ ಸ್ಥಿತಿಯಲ್ಲೇ ವಿಲ್ಸನ್ ಬಂದ. ಕಾರ್ಡು ಎಲ್ಲಿ ಎಂದರೆ ಅವನಿಗೆ ನಿಜವಾಗಿಯೂ ಆಶ್ಚರ್ಯ.

"ಎಂತ ಸಾರೇ, ನಿಮ್ಮ ಹತ್ತಿರವೇ ಉಂಟಲ್ಲ. ಬಿಸ್ಕತ್ತಿನ ಡಬ್ಬಿ, ಹಸಿರು ಬೀರುವಿನ ಕೆಳಗಿನ ಅರೆ."

ಉಮಾಮಹೇಶ್ವರನ ಮೈಮೇಲಿನ ನೀರು ಹಾಗೇ ತಣ್ಣಗಾಯಿತು. ಎಂಟು ತಿಂಗಳ ಹಿಂದೆ ವಿಲ್ಸನ್, ಶೆಡ್ಡು ಸೋರುತ್ತದೆ, ಇದರಲ್ಲಿ ಸಿಂಗಪುರದ ಹುಲ್ಲಿನ ಬೀಜವಿದೆ, ನಿಮ್ಮಲ್ಲಿರಲಿ ಎಂದು ಟೇಪು ಸುತ್ತಿದ ಡಬ್ಬಿಯೊಂದನ್ನು ಕೊಟ್ಟಿದ್ದ. ಇವನು ರಸೀದಿ ಬರೆದುಕೊಟ್ಟು, ಡಬ್ಬಿಯ ಸುತ್ತ ನುಸಿಗುಳಿಗೆ ಇಟ್ಟು, ಪ್ರತಿ ಶುಕ್ರವಾರ ಧೂಳು ಒರೆಸಿದ್ದ.

"ನೀವಾ ಸಾಹೇಬ್ರ?" ಎಂದ ಹಾಲಪ್ಪ. ಬೈದಿದ್ದರೆ ವಾಸಿಯಿತ್ತು.

ವಿಲ್ಸನ್ ತನ್ನ ಕಷ್ಟ ಹೇಳಿಕೊಂಡ. ಕಾರ್ಡು ಕೊಟ್ಟರೆ ಇವರೆಲ್ಲ ಮರುದಿನವೇ ಅಂಬಲಮುಗಳ್‌ನ ರಿಫೈನರಿಯಲ್ಲಿ ಹೆಚ್ಚು ಕೂಲಿಯ ಕೆಲಸಕ್ಕೆ ಹೋಗಿಬಿಡುತ್ತಾರೆ. ಅಲ್ಲದೆ ಇದೇನು ತನ್ನ ತಲೆಯಿಂದ ಬಂದದ್ದಲ್ಲ. ನಾನು ಕರಾರಿಗೆ ಬಂದ ದಿನ ಗ್ರೇಸಿ ಮೇಡಂ ನಿಮ್ಮೆಲ್ಲರ ಅಂಕಪಟ್ಟಿ ಲಾಕರಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ದೊಡ್ಡ ಕಂಪನಿಯ ಪದ್ಧತಿ ಎಂದುಕೊಂಡೆ ಎಂದ.

ಉಮಾಮಹೇಶ್ವರ ಜನ್ಮದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದ. "ಹೋಗ್ತಾರೆ ಅಂತ ಭಯ ಇದ್ರೆ ಇರೋ ಹಾಗೆ ನೋಡ್ಕೊಳ್ಳಿ ವಿಲ್ಸನ್. ಕಾರ್ಡು ಅವರ ಕೈಗೆ ಸೇರದೆ ಈ ಫಾರಂಗೆ ನಾನು ಸಹಿ ಹಾಕಲ್ಲ. ಸಹಿ ಇಲ್ಲ ಅಂದ್ರೆ ಮುಂದಿನ ವರ್ಷ ಆ ತೋಟ ನಿಮ್ಮದಲ್ಲ." ಗೊಬ್ಬರದ ವಾಸನೆಗೋ ಮಾತಿಗೋ, ವಿಲ್ಸನ್ ಎರಡು ಹೆಜ್ಜೆ ಹಿಂದೆ ಸರಿದು ಆಗಲಿ ಎಂದ.

ಹೆಡ್ಡಾಫೀಸಿನವರು ಮೂಗು ಮುಚ್ಚಿಕೊಂಡೇ ಲಕೋಟೆ ತೆಗೆದುಕೊಂಡು ಸಹಿ ಹಾಕಿದರು. ಒಂದು ಹನಿಯೂ ತಾಗಿರಲಿಲ್ಲ. ಅವನಿಗೆ ಹೆಮ್ಮೆಯೆನಿಸಿತು.

ಅಂದೇ ತಿರುವನಂತಪುರಕ್ಕೆ ವಾಪಸಾಗಿ, ಸಂಜೆ ಐದಕ್ಕೆ ಆಫೀಸಿನ ಹುಲ್ಲುಹಾಸಿನ ಮೇಲೆ ಡಬ್ಬಿಯ ಟೇಪು ಕಿತ್ತರು. ಹನ್ನೊಂದು ಜನ ಸುತ್ತ ಕೂತರು. ಹೆಸರು ಕರೆದಂತೆ ಒಬ್ಬೊಬ್ಬರೂ ಎದ್ದು ಬಂದು ಕಾರ್ಡು ತೆಗೆದುಕೊಂಡರು. ರತ್ನ ತನ್ನ ಫೋಟೋವನ್ನು ಸೆರಗಿನಿಂದ ಒರೆಸಿ, ಆಗ ದಪ್ಪ ಇದ್ದೆ ನೋಡ್ರಿ ಎಂದಳು. ಹಾಲಪ್ಪ ರೇಷನ್ ಕಾರ್ಡು ಮೂಸಿ ನೋಡಿ, "ನುಸಿಗುಳಿಗಿ ವಾಸನಿ. ಚಲೋ ಇಟ್ಟೀರಿ ಬಿಡ್ರಿ" ಎಂದ. ಆಗ ಎಲ್ಲರೂ ನಕ್ಕರು. ಉಮಾಮಹೇಶ್ವರನ ಎದೆಯ ಮೇಲಿನ ಕಲ್ಲು ಅಷ್ಟು ಇಳಿಯಿತು.

ಮ್ಯಾನೇಜರ್ ಆಶಿಶ್ ಅಲ್ಲೇ ನಿಂತು ನೋಡಿದ್ದ. ಇನ್ನು ಮುಂದೆ ದುಡಿಯುವವರ ಮೂಲ ಕಾಗದವನ್ನು ಇಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ ಎಂದು ಉಮಾಮಹೇಶ್ವರ ಬರೆದ ನಿಯಮಕ್ಕೆ ಸಹಿ ಹಾಕಿದ. ತೋಟದವರಿಗೆ ಮಾತ್ರವೇ ಸಾರ್ ಎಂದು ಇವನು ಕೇಳಿದ್ದಕ್ಕೆ, ಎಲ್ಲರಿಗೂ ಎಂದ.

ಉಮಾಮಹೇಶ್ವರ ನೇರ ಗ್ರೇಸಿಯ ಮೇಜಿಗೆ ಹೋದ. ನನ್ನ ಅಂಕಪಟ್ಟಿ ಕೊಡಿ ಚೇಚ್ಚಿ ಎಂದ. ಗ್ರೇಸಿ ಎದ್ದು ಲಾಕರು ತೆರೆದಳು. ಒಳಗೆ ಒಂದು ಸತ್ತ ಜಿರಳೆ ಬಿಟ್ಟರೆ ಏನೂ ಇರಲಿಲ್ಲ.

"ಸೋಮವಾರ ಲಂಡನ್ನಿನವರು ಬಂದಾಗ ಅಂಕಪಟ್ಟಿಗಳು ಇಲ್ಲಿ ಇರಬಾರದು ಅಂತ ಕಲೂರಿಗೆ ಕಳಿಸಿಬಿಟ್ಟೆ."

"ಯಾರ ಹತ್ತಿರ ಕಳಿಸಿದ್ರಿ?"

ಗ್ರೇಸಿ ಅವನ ಅಂಗಿಗೆ ಅಂಟಿದ್ದ ಗೊಬ್ಬರವನ್ನು ನೋಡುತ್ತ ಮೆಲ್ಲಗೆ ಹೇಳಿದಳು: "ನಿನ್ನ ಹತ್ತಿರ."

ಶನಿವಾರ ಮಧ್ಯಾಹ್ನ ಹಾಲಪ್ಪನ ರೈಲು ಕೊಚ್ಚಿಯ ಮೇಲೆಯೇ ಹೋಗುವುದಿತ್ತು. ಸಹಿಯಾದ ನಿಯಮದ ಒಂದು ಪ್ರತಿ ಜೇಬಿನಲ್ಲಿಟ್ಟುಕೊಂಡು ಉಮಾಮಹೇಶ್ವರನೂ ಹತ್ತಿದ. ಹೆಡ್ಡಾಫೀಸಿನವರು ಕೊಡುತ್ತಾರೋ, ಅಲೆಸುತ್ತಾರೋ, ಗೊತ್ತಿರಲಿಲ್ಲ.

"ಕೊಡೂತನಾ ಏಳಬ್ಯಾಡ್ರಿ," ಎಂದ ಹಾಲಪ್ಪ. "ನಿನ್ನಿಯಂಗ ವಾಸನಿ ಬಂದ್ರ ಲಗೂನ ಕೊಡ್ತಿದ್ರು." ಆಮೇಲೆ ಕೈ ತೊಳೆಯಲು ಎದ್ದವನು, ಇದೊಂದು ಸ್ವಲ್ಪ ಹಿಡಕೊಂಡಿರ್ರಿ ಎಂದು ಡಬ್ಬಿಯೊಂದನ್ನು ಚಾಚಿದ.

ಉಮಾಮಹೇಶ್ವರ ಒಂದೇ ಕೈಯಲ್ಲಿ ತೆಗೆದುಕೊಂಡ. ಇನ್ನೊಂದು ಕೈಯಲ್ಲಿ ಮುಚ್ಚಳ ತೆರೆದು ಒಳಗೆ ನೋಡಿದ. ನಾಲ್ಕು ರೊಟ್ಟಿ, ಶೇಂಗಾ ಚಟ್ನಿ.