ಅಂಟು ಎಂಬ ಮಾತಿಗೆ ಅಂಟಿಕೊಂಡು

ರೋಗವನ್ನು ಕನ್ನಡದಲ್ಲೇ ವಿವರಿಸುತ್ತೇನೆಂದು ಹಟ ಹಿಡಿದ ಡಾಕ್ಟರಿಗೆ ಫಜೀತಿ ತಪ್ಪಿದ್ದಲ್ಲ. ನನಗಂತೂ ಇದ್ದದ್ದೇ. ಬಾಗಲಕೋಟೆಯಲ್ಲಿ ಓದುವಾಗ ಶ್ವಾಸನಾಳದ ಗಾಯ ಹೇಗೆ ಮಾಯುತ್ತದೆ ಎಂಬುದರ ಬೆನ್ನು ಹತ್ತಿದವಳು ನಾನು. ಈಗ ಇಳಕಲ್ಲಿನಲ್ಲಿ ಎದೆರೋಗ ನೋಡುತ್ತೇನೆ. ಕಲಿತದ್ದೆಲ್ಲ ಒಂದೇ ಒಂದು ಶಬ್ದಕ್ಕೆ ಸಿಕ್ಕಿ ಹೈರಾಣಾಯಿತು.

೧. ಕೈ ಬಿಡುವುದು

ಗ್ರಾನೈಟ್ ಪಾಲಿಶ್ ಮಾಡುವವರೊಬ್ಬರು ಹೆಂಡತಿಯೊಂದಿಗೆ ಕೆಮ್ಮುತ್ತ ಬಂದರು. ಪರೀಕ್ಷೆ ಮಾಡಿಸಿದೆ, ಕ್ಷಯ ಇರಲಿಲ್ಲ. ಕಲ್ಲಿನ ಧೂಳು ಕುಡಿದು ಶ್ವಾಸನಾಳದ ಒಳಪದರಕ್ಕೆ ಗಾಯವಾಗಿತ್ತು. ನಾನು ಓದಿದ ವಿಷಯವೇ ಸಿಕ್ಕಿತೆಂದು ನನಗೋ ಹುರುಪು.

"ಒಳಗಿನ ಜೀವಕೋಶಗಳು ಒಂದರ ಕೈ ಒಂದು ಹಿಡಕೊಂಡು ನಿಂತಿರ್ತಾವ್ರಿ. ಗಾಯ ಆದಾಗ ಅಂಚಿನ್ಯಾವು ಕೈ ಸಡಲ ಮಾಡಿ, ಮುಂದ ಸರದು, ಗಾಯ ಮುಚ್ಚಿ, ಮತ್ತ ಕೈ ಹಿಡೀತಾವು."

ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದಳು. "ನಾ ಸಿಟ್ಟಿಲೆ ತವರಿಗೆ ಹೋಗಿ ಬಂದದ್ದು ಇವರಿಗ್ಯಾಕ ಹೇಳಿದಿ?"

೨. ಪಥ್ಯ

ಕೈ ಬೇಡವೆಂದು ಬೇರೆ ಮಾತು ಹುಡುಕಿದೆ. "ಅದೊಂದು ನಮೂನಿ ಅಂಟು ಅನ್ರಿ. ಪ್ರೋಟೀನಿನ ಅಂಟು. ಅದು ಗಟ್ಟಿ ಆದ್ರ ಗಾಯ ಮಾಯತೈತಿ. ಧೂಳಿಗೆ ಹೋಗಬ್ಯಾಡ್ರಿ, ಔಷಧ ತಪ್ಪಿಸಬ್ಯಾಡ್ರಿ."

ಮುಂದಿನ ಸಲ ಬಂದಾಗ ಕೆಮ್ಮು ಇಳಿದಿತ್ತು. ಆದರೆ ಮೊದಲೇ ಇದ್ದ ಶುಗರು ಏರಿ ಕೂತಿತ್ತು.

"ಏನ್ ತಿಂದ್ರಿ?"

"ನೀವ ಹೇಳಿದ್ದರಿ ಡಾಕ್ಟರಬಾಯಾರ, ಅಂಟು. ಅಮೀನಗಡದ ಕರದಂಟು ತರಿಸಿ ಮುಂಜಾನಿ ಸಂಜಿ ತಿಂದೇನಿ."

ಹುರಿದ ಗೋಂದನ್ನು, ಅಂದರೆ ತಿನ್ನುವ ಅಂಟನ್ನು, ಬೆಲ್ಲದ ಪಾಕಕ್ಕೆ ಹಾಕಿದ ಸಿಹಿ ಅದು! ನಾನು ಹಣೆ ಚಚ್ಚಿಕೊಂಡೆ. "ಆ ಅಂಟಲ್ರೀ!"

ಅವರು ಬಹಳ ವಿಚಾರ ಮಾಡಿ ಕೇಳಿದರು, "ಹಂಗಾರ ಅಂಟಿನುಂಡಿ ಏನ್ರಿ?"

೩. ಬೀಗರು

ಅದಾದ ಮೇಲೆ ಗಂಡ ಹೆಂಡತಿ ಬಂದಾಗ ಇಬ್ಬರದೂ ಅಳುಮುಖ. ಮಗಳ ಸಂಬಂಧ ಗುಳೇದಗುಡ್ಡದ ನೇಕಾರರ ಮನೆಗೆ ಕೂಡಿತ್ತು. "ಹುಡುಗಿಯ ಅಪ್ಪನ ಎದೆಯೊಳಗೆ ಅಂಟು ಇದೆಯಂತೆ" ಎಂಬ ಸುದ್ದಿ ಅಲ್ಲಿಗೆ ಮುಟ್ಟಿ, ಅಂಟುರೋಗವೆಂದು ಬೀಗರು ನಿಶ್ಚಯವನ್ನೇ ನಿಲ್ಲಿಸಿದ್ದರು. ಹುಡುಗಿ ಊಟ ಬಿಟ್ಟಿದ್ದಳು. "ಬೀಗರನ್ನ ಇಲ್ಲೇ ಕರಕೊಂಡು ಬರ್ರಿ" ಎಂದೆ.

ಹುಡುಗನ ಅಪ್ಪ ಇವರ ಜೊತೆಗೇ ಬಂದರು. ಬಾಯಿಗೆ ಟವೆಲ್ ಒತ್ತಿಕೊಂಡು ಬಾಗಿಲ ಹತ್ತಿರವೇ ಕೂತರು.

"ಇವರದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ರಿ" ಎಂದೆ.

"ಮತ್ತ ಅಂಟು ಐತಂತ ನೀವ ಹೇಳೀರಂತಲ್ಲ?"

"ಐತ್ರಿ. ಈಗಂತೂ ಭಾಳ ಚಲೋ ಹಿಡದೈತಿ."

ಅವರು ಎದ್ದೇ ನಿಂತರು.

"ಕೂಡ್ರಿ! ಅದು ಎಲ್ಲಾರ ಎದಿಯಾಗೂ ಇರತೈತಿ. ಅದಿಲ್ಲಂದ್ರ ಮನಷ್ಯಾ ಉಳಿಯೂದಿಲ್ಲ."

"ನಿಮಗೂ ಐತೇನ್ರಿ?"

"ನನಗೂ ಐತಿ."

"ನನಗ?"

"ನಿಮಗೂ ಐತ್ರಿ, ಹುಟ್ಟಿದಾಗಿಂದ."

ಟವೆಲ್ ಕೆಳಗೆ ಬಿತ್ತು. "ನನ್ನ ಮಗಗ?"

"ಅವನಿಗೂ."

ಅಬ್ಬಾ, ತಿಳಿಯಿತು ಎಂದುಕೊಂಡೆ. ಅವರು ಎದೆ ಸವರಿಕೊಂಡು, ಹುಡುಗಿಯ ಅಪ್ಪನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಅಂದರು:

"ಬೀಗರ, ನಮ್ಮ ಮನಿ ಸುದ್ದಿ ಎಲ್ಲೂ ಬಾಯಿ ಬಿಡಬ್ಯಾಡ್ರಿ. ಬರೂ ಸೋಮವಾರನ ನಿಶ್ಚಯ ಮುಗಿಸಿಬಿಡೂಣು."