ಗಂಗಣ್ಣನಿಗೆ ಜಾಮೀನು

ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆಯಲ್ಲಿ ಫೇಲಾಗುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ನಾನು ಆಗಿದ್ದೇನೆ. ವಕೀಲರಾಗಬೇಕು ಅನ್ನುವವರು ಎಲ್‌ಎಲ್‌ಬಿ ಮುಗಿಸಿ, ಸನ್ನದು ಪಡೆದು, ಕಪ್ಪು ಕೋಟು ಹೊಲಿಸಿಕೊಂಡ ಮೇಲೂ ಬಾರ್ ಪರೀಕ್ಷೆ ಅನ್ನುವ ಇನ್ನೊಂದು ಗೇಟು ದಾಟಬೇಕು. ಅದರಲ್ಲಿ ಕಾಯ್ದೆ ಪುಸ್ತಕಗಳನ್ನು ಜೊತೆಗೇ ಒಯ್ಯಬಹುದು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರಗಳನ್ನೂ ಅವರೇ ಕೊಟ್ಟಿರುತ್ತಾರೆ. ಒಂದಕ್ಕೆ ಗುರುತು ಹಾಕಿ ಬಂದರೆ ಆಯಿತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಮೊದಲ ಸಲ ನಾನು ಫೇಲಾಗಿ ಗುಬ್ಬಿಗೆ ವಾಪಸ್ಸು ಬಂದೆ. ಫಲಿತಾಂಶ ಕೇಳಿದವರು ‘ಪುಸ್ತಕ ತಗೊಂಡ್ ಹೋಗಿರ್ಲಿಲ್ವಾ?’ ಎಂದು ಬಹಳ ಕಾಳಜಿಯಿಂದ ವಿಚಾರಿಸಿದರು. ಒಂದು ಚೀಲದ ತುಂಬ ತೆಗೆದುಕೊಂಡು ಹೋಗಿದ್ದೆ ಎಂದು ಯಾರಿಗೂ ಹೇಳಲಿಲ್ಲ.

ಕಾರಣ ದಡ್ಡತನವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕುತೂಹಲ. ಒಂದು ಕಲಂ ಹುಡುಕಲು ಪುಸ್ತಕ ತೆರೆದರೆ ಪಕ್ಕದ ಕಲಂ ಕೈ ಹಿಡಿದು ಎಳೆಯುತ್ತದೆ. ಕರಿಬೇವು ಕೇಳಿಕೊಂಡು ಬರಲು ಪಕ್ಕದ ಮನೆಗೆ ಹೋದವಳು ಒಲೆಯ ಮೇಲಿನ ಒಗ್ಗರಣೆ ಮರೆತು ಮಾತಿಗೆ ನಿಲ್ಲುವುದಿಲ್ಲವೇ, ಹಾಗೆ. ಮೊದಲ ಸಲ ಮನೆ ಶೋಧನೆಯ ಕಲಂ ಹುಡುಕಲು ಹೋಗಿ, ಆರೋಪಿಗೆ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಏನು ಮಾಡಬೇಕು ಎಂಬ ಅಧ್ಯಾಯದಲ್ಲಿ ನಾನು ಮೈಮರೆತು ಕೂತಿದ್ದಾಗ ಗಂಟೆ ಹೊಡೆಯಿತು. ತುಮಕೂರಿನಲ್ಲಿ ನಾನು ಜೂನಿಯರ್ ಆಗಿರುವ ಆಫೀಸಿನ ಸೀನಿಯರ್ ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ‘ಪ್ರಶ್ನೆ ಓದಮ್ಮಾ, ಪ್ರಶ್ನೆ ಒಳಗೆ ಹೋಗ್ಬೇಡ’ ಎಂದರು, ಅಷ್ಟೆ.

ಆದರೆ ಈ ಸಲ ಆಟವಾಗಿರಲಿಲ್ಲ. ಸನ್ನದು ಸಿಕ್ಕಿ ಎರಡು ವರ್ಷದೊಳಗೆ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ನಿಲ್ಲುವ ಹಾಗಿಲ್ಲ. ನನ್ನ ಎರಡು ವರ್ಷದ ಒಳಗೆ ಬರುವ ಕೊನೆಯ ಪರೀಕ್ಷೆ ಇದು. ಮಗಳು ಹೈಸ್ಕೂಲು ಸೇರಿದ ವರ್ಷ ನಾನು ಲಾ ಕಾಲೇಜು ಸೇರಿದವಳು. ತರಗತಿಯಲ್ಲಿ ಹುಡುಗರು ನನ್ನನ್ನು ಮೇಡಂ ಎಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಅಷ್ಟು ಅವಮಾನ ಸಹಿಸಿ ಸಂಪಾದಿಸಿದ ಕೋಟು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಕೂರುವುದನ್ನು ನೆನೆದೇ ಬೆಳಗಿನ ಜಾವ ಎದ್ದು ಪುಸ್ತಕ ಹಿಡಿಯುತ್ತಿದ್ದೆ.

ಅದಕ್ಕೆ ಸರಿಯಾಗಿ ಕ್ರಿಮಿನಲ್ ಪ್ರೊಸೀಜರ್ ಕಾಯ್ದೆಯೇ ಬದಲಾಗಿತ್ತು. ಹೆಸರು ಹೊಸದು, ನಂಬರುಗಳೂ ಹೊಸವು. ಕಾಲೇಜಿನಲ್ಲಿ ನಾನು ಕಷ್ಟಪಟ್ಟು ಬಾಯಿಪಾಠ ಮಾಡಿದ ಕಲಂಗಳೆಲ್ಲ ಒಂದೇ ಸಲ ಬಾಡಿಗೆ ಮನೆ ಬದಲಾಯಿಸಿದ್ದವು. ನಾನೂರ ಮೂವತ್ತೆಂಟರಲ್ಲಿದ್ದ ನಿರೀಕ್ಷಣಾ ಜಾಮೀನು ನಾನೂರ ಎಂಬತ್ತೆರಡಕ್ಕೆ ಬಂದಿತ್ತು. ನಾನೂರ ಎಂಬತ್ತೆರಡರಲ್ಲಿದ್ದ ಹೈಕೋರ್ಟಿನ ಅಂತರ್ಗತ ಅಧಿಕಾರ ಗಂಟುಮೂಟೆ ಕಟ್ಟಿಕೊಂಡು ಐನೂರ ಇಪ್ಪತ್ತೆಂಟಕ್ಕೆ ಹೋಗಿತ್ತು. ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದರೆ ಬೇರೆ ಯಾರೋ ತೆರೆದು ಏನು ಬೇಕು ಎನ್ನುತ್ತಿದ್ದರು. ಇದರ ಜೊತೆಗೆ ಸಂವಿಧಾನ. ಅದರ ನಂಬರುಗಳು ಬದಲಾಗಿರಲಿಲ್ಲ, ಆದರೆ ಅವು ಮೊದಲಿಂದಲೂ ನನಗೆ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಅತ್ತೆ ನನ್ನ ಅಭ್ಯಾಸದೊಳಗೆ ಬಂದರು. ನಮ್ಮವರು ಬೆಳಿಗ್ಗೆಯೇ ಬಿದರೆಹಳ್ಳಿ ಕಾವಲಿನ ಫ್ಯಾಕ್ಟರಿಗೆ ಹೊರಟುಬಿಡುತ್ತಾರೆ, ಮಗಳು ಕಾಲೇಜಿಗೆ. ಕೋರ್ಟಿನ ರಜೆಯ ಮಧ್ಯಾಹ್ನಗಳಲ್ಲಿ ನಾನು ಜಗಲಿಯ ಮೇಲೆ ಕೂತು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ, ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಂದು ದಿನ ಓದಿದೆ: “‘ಎ’ ಎಂಬಾತನನ್ನು ಪೊಲೀಸರು ವಾರಂಟ್ ಇಲ್ಲದೆ ಬಂಧಿಸುತ್ತಾರೆ. ಬಂಧನದ ಕಾರಣ ತಿಳಿಸುವುದಿಲ್ಲ. ಇದು ಸಂವಿಧಾನದ ಯಾವ ಅನುಚ್ಛೇದದ ಉಲ್ಲಂಘನೆ?” ನಾನು ಹತ್ತೊಂಬತ್ತೋ ಇಪ್ಪತ್ತೆರಡೋ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅತ್ತೆ ಸುಲಿಯುವುದನ್ನು ನಿಲ್ಲಿಸಿದರು.

“ಎ ಅಂದ್ರೆ ಯಾರು?”

“ಯಾರೂ ಅಲ್ಲ ಅತ್ತೆ. ಸುಮ್ನೆ ಎ.”

“ಯಾರೂ ಅಲ್ದೋನ್ನ ಪೊಲೀಸ್ನೋರು ಯಾಕೆ ಹಿಡೀತಾರೆ? ಅವ್ರಿಗೇನು ಬ್ಯಾರೆ ಕೆಲಸ ಇಲ್ವಾ?”

ಅವತ್ತು ಬೆಳಿಗ್ಗೆ ತಾನೆ ಹಾಗಲವಾಡಿಯಿಂದ ಅತ್ತೆಯ ಅಣ್ಣನ ಮಗ ಗಂಗಾಧರಯ್ಯ ಬಂದು ಒಂದು ಚೀಲ ತೆಂಗಿನಕಾಯಿ ಇಳಿಸಿ ಹೋಗಿದ್ದ. ನಾವೆಲ್ಲ ಗಂಗಣ್ಣ ಎನ್ನುವ ಇವನು ಎಂಥ ಸಾಧು ಎಂದರೆ, ಬಸ್ಸಿನಲ್ಲಿ ಕಂಡಕ್ಟರು ಗುರಾಯಿಸಿದರೆ ಟಿಕೆಟ್ ತೆಗೆದುಕೊಂಡಿದ್ದರೂ ಇಳಿದುಬಿಡುವವನು. ಮಾತು ಬೆಳೆಸದಿರಲೆಂದು ನಾನು, “ಗಂಗಣ್ಣ ಅಂದ್ಕೊಳ್ಳಿ” ಎಂದೆ.

ಅತ್ತೆಯ ಕೈಯಿಂದ ಅವರೆಕಾಯಿ ಕೆಳಗೆ ಬಿತ್ತು. “ನಮ್ ಗಂಗನ್ನಾ? ಯಾಕೆ ಅಂತ್ಲೂ ಹೇಳ್ದೆ ಹಿಡ್ಕೊಂಡ್ ಹೋಗವ್ರಾ? ಅದೆಂಗ್ಲಾ ಹಿಡೀತೀರಾ ಅಂತ ಕೇಳೋರು ಯಾರೂ ಇಲ್ವಾ?” ಎಂದು ಎದ್ದೇ ನಿಂತರು. ಅವರ ಮುಖ ನೋಡಿ ನನಗೂ ರೇಗಿತು. ಪಾಪದವನನ್ನು ಹೀಗೆ ಎಳೆದುಕೊಂಡು ಹೋಗಲು ಯಾವ ಅಧಿಕಾರ ಎಂದು ಪುಸ್ತಕ ಬಿಡಿಸಿದೆ. ಇಪ್ಪತ್ತೆರಡನೆಯ ಅನುಚ್ಛೇದ. ಅವತ್ತಿನಿಂದ ಇವತ್ತಿನವರೆಗೆ ಅದನ್ನು ಮರೆತಿಲ್ಲ.

ಇಲ್ಲಿಂದ ಗಂಗಣ್ಣನ ದುರ್ದೆಸೆ ಶುರುವಾಯಿತು. ಪ್ರತಿ ಪ್ರಶ್ನೆಯ ‘ಎ’ ಅವನೇ. ಬೆಳಿಗ್ಗೆ ಕಳ್ಳತನದ ಅನುಮಾನದ ಮೇಲೆ ಸಿಕ್ಕಿಬೀಳುತ್ತಿದ್ದ, ಊಟದ ಹೊತ್ತಿಗೆ ರಿಮಾಂಡಿಗೆ ಹೋಗುತ್ತಿದ್ದ, ಕಾಫಿಯ ಹೊತ್ತಿಗೆ ಜಾಮೀನಿಗೆ ಅರ್ಜಿ ಹಾಕುತ್ತಿದ್ದ. ಬಂಧಿಸಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ ಎಂದು ನಾನು ಹೇಳಿದರೆ ಅತ್ತೆಗೆ ಹೊಸ ಚಿಂತೆ. ಹಾಗಲವಾಡಿ ಬಸ್ಸು ಕೆಟ್ಟು ನಿಂತರೆ ಆ ಹೊತ್ತನ್ನು ಯಾರ ಲೆಕ್ಕಕ್ಕೆ ಹಾಕಬೇಕು? ಅವನಿಗೆ ಊಟ ಯಾರು ಕೊಡುತ್ತಾರೆ? ಹೆಂಡತಿಗೆ ಸುದ್ದಿ ಮುಟ್ಟಿಸಿದರೋ ಇಲ್ಲವೋ? ಸುದ್ದಿ ಮುಟ್ಟಿಸಲೇಬೇಕು ಎಂದು ಅದಕ್ಕೂ ಒಂದು ಕಲಂ ಇದೆಯೆಂದು ಹುಡುಕಿ ತೋರಿಸಿದಾಗ, ‘ಬರೆದೋನು ಹೆಂಡ್ತಿ ಮಕ್ಕಳು ಇರೋನು’ ಎಂದು ಮೆಚ್ಚಿಕೊಂಡರು. ಅಕ್ರಮವಾಗಿ ಕೂಡಿಹಾಕಿದವನನ್ನು ಬಿಡಿಸಲು ಸುಪ್ರೀಂ ಕೋರ್ಟಿಗೂ ಹೋಗಬಹುದು, ಹೈಕೋರ್ಟಿಗೂ ಹೋಗಬಹುದು ಎಂದಾಗ, “ದಿಲ್ಲಿಗ್ಯಾಕೆ ಹೋಗ್ಬೇಕು? ಬೆಂಗ್ಳೂರಾದ್ರೆ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬಂದ್ಬುಡ್ಬೋದು” ಎಂದು ತೀರ್ಮಾನಿಸಿದರು. ಇನ್ನೂರ ಇಪ್ಪತ್ತಾರನೆಯ ಅನುಚ್ಛೇದ ನನಗೆ ಈಗಲೂ ಬೆಂಗಳೂರು ರೈಲಾಗಿಯೇ ನೆನಪಿದೆ.

ಅತ್ತೆಗೆ ಕಾನೂನು ತಿಳಿದಿತ್ತು ಎಂದೇನೂ ಭಾವಿಸಬೇಡಿ. ಅವರ ಪ್ರಕಾರ, ಮನೆಯಲ್ಲಿ ಕರೆಯುವ ಹಸುವಿದ್ದರೆ ಯಾವ ಅಪರಾಧಕ್ಕಾದರೂ ಜಾಮೀನು ಕೊಡಲೇಬೇಕು. ಕೊಡದ ಜಡ್ಜನ್ನು ಬದಲಾಯಿಸಬೇಕು. ಅವರು ಹೇಳಿದ ಉತ್ತರಗಳೆಲ್ಲ ತಪ್ಪು. ಆದರೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹುಡುಕುತ್ತ ಪುಸ್ತಕದ ಯಾವ ಮೂಲೆಯಲ್ಲಿ ಏನಿದೆ ಎಂದು ನನಗೆ ತಿಳಿಯತೊಡಗಿತು.

ಪರೀಕ್ಷೆ ಹತ್ತಿರ ಬಂದಾಗ ಕಡಬದಲ್ಲಿ ನೆಂಟರ ಮನೆಯ ಒಂದು ನಾಮಕರಣ ಬಂತು. ನಾನು ಓದಿಕೊಳ್ಳುತ್ತೇನೆಂದು ಉಳಿದೆ, ಅತ್ತೆ ಹೋದರು. ಪಂಕ್ತಿಯಲ್ಲಿ ಯಾರೋ ಸೊಸೆ ಬರಲಿಲ್ಲವೇ ಎಂದು ಕೇಳಿದ್ದಾರೆ. ಅತ್ತೆ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಸಹಜವಾಗಿ, “ಅವ್ಳೆಲ್ಲಿ ಬತ್ತಾಳೆ? ನಮ್ ಗಂಗಂಗೆ ಇನ್ನೂ ಬೇಲ್ ಆಗಿಲ್ಲ. ಪಾಪ, ಊಟ ನಿದ್ದೆ ಬುಟ್ಟು ಅದ್ನೇ ನೋಡ್ತಾ ಕೂತವ್ಳೆ” ಎಂದಿದ್ದಾರೆ.

ಮಜ್ಜಿಗೆ ಬರುವಷ್ಟರಲ್ಲಿ ಸುದ್ದಿ ಆ ಕಡೆಯ ಪಂಕ್ತಿ ಮುಟ್ಟಿತ್ತು. ಸಂಜೆ ಕುಣಿಗಲ್ಲಿನಿಂದ ದೂರದ ನೆಂಟರೊಬ್ಬರು ಫೋನ್ ಮಾಡಿ, ಗಂಗಾಧರ ಯಾವ ಜೈಲಿನಲ್ಲಿದ್ದಾನೆ, ನೋಡಲು ಬಿಡುತ್ತಾರೆಯೇ ಎಂದು ಗದ್ಗದವಾಗಿ ಕೇಳಿದರು. ನಮ್ಮವರು ಫೋನಿಟ್ಟು ಬಂದು ನಮ್ಮಿಬ್ಬರ ಮುಂದೆ ನಿಂತರು. “ಇನ್ಮೇಲೆ ಈ ಮನೇಲಿ ನೆಂಟ್ರನ್ನ ಅರೆಸ್ಟ್ ಮಾಡಂಗಿಲ್ಲ. ಎ ಅಂದ್ರೆ ಎ, ಬಿ ಅಂದ್ರೆ ಬಿ. ಗೊತ್ತಾಯ್ತಾ?” ಎಂದರು. ಅತ್ತೆ, “ನಾನೇನು ಸುಳ್ಳು ಹೇಳ್ದ್ನಾ? ಬೇಲ್ ಆಗಿರ್ಲಿಲ್ವಲ್ಲ!” ಎಂದರು.

ಮರುದಿನ ನಿಯಮದ ಪ್ರಕಾರ ಓದಲು ಕೂತೆ. ‘ಎ’ಯನ್ನು ಬಂಧಿಸಿದರು. ಬಂಧಿಸಲಿ, ನನಗೇನು? ‘ಎ’ಗೆ ಜಾಮೀನು ಸಿಗುತ್ತದೆಯೇ? ಸಿಗದಿದ್ದರೆ ಬಿಡಲಿ. ಒಂದೇ ಒಂದು ಕಲಂ ನೆನಪಾಗಲಿಲ್ಲ. ಅತ್ತೆ ಮುನಿಸಿಕೊಂಡು ಅವರೆಕಾಯಿಯ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದರು. ಈ ಸಲವೂ ಹೋಯಿತು ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗಂಗಣ್ಣ! ಕೈಯಲ್ಲಿ ಚೀಲವಿಲ್ಲ, ಮುಖ ಕೆಂಪಗಾಗಿದೆ. ಜನ್ಮದಲ್ಲಿ ಸಿಟ್ಟು ಮಾಡಿ ಅಭ್ಯಾಸವಿಲ್ಲದ್ದರಿಂದ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೊದಲು ಗೇಟಿನ ಚಿಲಕ ಹಾಕಿ ಬಂದ. “ಏನ್ ತಂಗೀ ಇದು? ಡೇರಿಗೆ ಹಾಲು ಹಾಕಕ್ ಹೋದ್ರೆ ಯಾವಾಗ್ ಬಿಟ್ರು ಅಂತ ಕೇಳ್ತಾರೆ. ಒಳಗೆ ಮುದ್ದೆ ಕೊಡ್ತಾರಾ ಅನ್ನದಾ ಅಂತ ಕೇಳ್ತಾರೆ. ನಾನೇನ್ ಮಾಡಿದೀನಿ?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಅಣ್ಣಾ, ತಪ್ಪಾಯ್ತು. ನೀನೇನೂ ಮಾಡಿಲ್ಲ. ಇಲ್ಲಿ ನೋಡು” ಎಂದು ಪ್ರಶ್ನೆಗಳ ಪುಸ್ತಕ ಮುಂದೆ ಹಿಡಿದು ಎಲ್ಲ ವಿವರಿಸಿದೆ. ಅವನು ಕನ್ನಡಕ ಹಾಕಿಕೊಂಡು ಒಂದು ಪ್ರಶ್ನೆ ಓದಿದ. ಇನ್ನೊಂದು ಓದಿದ. ಹಾಳೆ ತಿರುವಿದ. ಆಮೇಲೆ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಕೂತ.

“ಇದೂ ನಾನೇನಾ?”

“ಹೂಂ ಅಣ್ಣಾ.”

“ಈ ದರೋಡೇಲೂ?”

“ಹೂಂ.”

“ಅಬ್ಬಾ!” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಸೀಟು ಕೇಳಲೂ ಹೆದರುವ ಮನುಷ್ಯನಿಗೆ ತನ್ನ ಬಗ್ಗೆ ಏನೋ ಹೊಸದು ತಿಳಿದ ಹಾಗಿತ್ತು. ಬೆರಳಿಟ್ಟು ಒಂದು ಪ್ರಶ್ನೆ ತೋರಿಸಿದ. “ಅಲ್ಲ ತಂಗೀ, ನಾನು ಇದ್ರಲ್ಲಿ ತಪ್ಪೊಪ್ಕೊಂಡ್ಬುಟ್ಟಿದೀನಲ್ಲ, ಪೊಲೀಸ್ನೋರು ಹೊಡೆದ್ರು ಅಂತ. ಈಗೇನ್ ಗತಿ?”

“ಅದು ನಡೆಯಲ್ಲ ಅಣ್ಣಾ. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಬಲವಂತ ಮಾಡಂಗಿಲ್ಲ. ಇಪ್ಪತ್ತನೇ ಅನುಚ್ಛೇದ, ಮೂರನೇ ಖಂಡ” ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಕಾಯ್ದೆ ಪುಸ್ತಕ ತೆರೆದಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಅತ್ತೆ ಮೊರ ಹಿಡಿದು ನಿಂತಿದ್ದರು. “ಬೇಲ್ ಆಯ್ತಾ?” ಎಂದು ಕೇಳಿದರು. ಗಂಗಣ್ಣ, “ಇರು ಅತ್ತೆ, ಅದಕ್ಕೇ ಬಂದೆ” ಎಂದ. ಊಟವಾದ ಮೇಲೂ ಅವನು ಏಳಲಿಲ್ಲ. ಹೊರಡುವಾಗ, ‘ನನ್ ಹೆಸ್ರು ಇಟ್ಕೊಂಡೇ ಓದು, ಆದ್ರೆ ಅತ್ತೆ ಮಾತ್ರ ಮದುವೆ ಮುಂಜಿಗೆ ಹೋಗದು ಬ್ಯಾಡ’ ಎಂದು ಷರತ್ತು ಹಾಕಿ ಹೋದ. ನಮ್ಮವರು ಸಂಜೆ ಬಂದು ವಿಷಯ ಕೇಳಿ, ಆರೋಪಿಯೇ ಒಪ್ಪಿದ ಮೇಲೆ ನಾನ್ಯಾರು ಎಂದು ಸುಮ್ಮನಾದರು.

ಬೆಂಗಳೂರಿನ ಪರೀಕ್ಷಾ ಕೊಠಡಿಯಲ್ಲಿ ಈ ಸಲ ನಾನು ಚೀಲಕ್ಕೆ ಕೈ ಹಾಕಿದ್ದು ಕಡಿಮೆ. ಪ್ರಶ್ನೆಪತ್ರಿಕೆಯ ತುಂಬ ಗಂಗಣ್ಣನೇ ಓಡಾಡುತ್ತಿದ್ದ. ಸೀನಿಯರ್ ಸಾಹೇಬರ ಮಾತು ಮೀರಿ ನಾನು ಪ್ರತಿ ಪ್ರಶ್ನೆಯ ಒಳಕ್ಕೂ ಹೋದೆ, ಹೋಗಿ ಅವನನ್ನು ಬಿಡಿಸಿಕೊಂಡೇ ಬಂದೆ. ಪಾಸಾದೆ. ಫಲಿತಾಂಶ ಬಂದ ದಿನ ಅತ್ತೆ ಹಾಗಲವಾಡಿಗೆ ತಾವೇ ಫೋನ್ ಮಾಡಿ ಸುದ್ದಿ ಹೇಳಿದರು. ಏನೆಂದು ಹೇಳಿದರೋ, ಆಗ ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಿತ್ತು.

ಮುಂದಿನ ಭಾನುವಾರ ಹಾಗಲವಾಡಿ ಕಡೆಯ ಗಂಡ ಹೆಂಡಿರು ಮನೆ ಹುಡುಕಿಕೊಂಡು ಬಂದರು. ಆತನ ತಮ್ಮನನ್ನು ಪೊಲೀಸರು ಕರೆದೊಯ್ದಿದ್ದರಂತೆ. “ಗಂಗಾಧರಯ್ಯನ್ನ ಬಿಡಿಸಿದ ಲಾಯರಮ್ಮ ನೀವೇ ತಾನೆ?” ಎಂದು ಕೇಳಿದರು. ವಕೀಲರು ತಮ್ಮ ಬಗ್ಗೆ ತಾವೇ ಪ್ರಚಾರ ಮಾಡಿಕೊಳ್ಳಬಾರದು, ಇದಕ್ಕೂ ಪರೀಕ್ಷೆಯಲ್ಲಿ ಸರಿಯಾಗಿಯೇ ಗುರುತು ಹಾಕಿದ್ದೆ. ಹಾಗಾಗಿ ಖಡಾಖಂಡಿತವಾಗಿ ಹೇಳಿದೆ: “ನೋಡಿ, ಗಂಗಾಧರಯ್ಯನನ್ನ ಯಾರೂ ಹಿಡಿದೇ ಇಲ್ಲ. ಅವರ ಮೇಲೆ ಕೇಸೇ ಇರಲಿಲ್ಲ.”

ಆತ ಹೆಂಡತಿಯ ಕಡೆ ತಿರುಗಿದ. “ನೋಡ್ದಾ? ಕೇಸೇ ಇರ್ಲಿಲ್ಲ ಅನ್ನಂಗೆ ಮಾಡಾಕವ್ರೆ. ಇಂಥೋರೇ ಬೇಕು ನಮ್ಗೆ!”

ಇನ್ನೂ ಎಷ್ಟು ವಾದಿಸಿದರೂ ನನ್ನ ಕೀರ್ತಿ ಹೆಚ್ಚುತ್ತಲೇ ಇತ್ತು. ಕೊನೆಗೆ ಸುಸ್ತಾಗಿ ಕೂರಿಸಿದೆ. ಆತ ತಮ್ಮನ ಹೆಸರು, ವಯಸ್ಸು, ಹಿಡಿದ ಹೊತ್ತು, ಜಾಗ ಎಲ್ಲ ಕ್ರಮವಾಗಿ ಹೇಳಿದ. ಹೇಳುತ್ತ ಹೇಳುತ್ತ ಆತನ ಕಣ್ಣು ತುಂಬಿಬಂತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತ ಕೂತರು. ಪಾಸಾದ ವಕೀಲೆಯ ತಲೆಯೊಳಗೆ ಒಂದು ಕಲಮೂ ಇರಲಿಲ್ಲ. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿಕೊಂಡು, ಆ ತಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವನ ಜಾಗದಲ್ಲಿ ಗಂಗಣ್ಣನನ್ನು ಮತ್ತೆ ಲಾಕಪ್ಪಿಗೆ ಹಾಕಿದೆ. ಕಲಂಗಳೆಲ್ಲ ಒಂದೊಂದಾಗಿ ನೆನಪಾದವು.