ಮೋತಿಯ ಗುಳಿಗೆ

ನಾಯಿಗೆ ಊಟ ಹಾಕುವ ಕೆಲಸವನ್ನು ತಮ್ಮ ತಲೆಗೆ ಕಟ್ಟಿದ್ದು ಶುದ್ಧ ಅನ್ಯಾಯವೆಂದು ಓಂಕಾರಮೂರ್ತಿಯವರು ಮೊದಮೊದಲು ಸಿಕ್ಕಸಿಕ್ಕವರ ಮುಂದೆಲ್ಲ ದೂರುತ್ತಿದ್ದರು. ಆಮೇಲೆ ದೂರುವುದನ್ನು ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಕಾರಣವಿತ್ತು.

ಚಳ್ಳಕೆರೆಯಿಂದ ರಾಂಪುರದವರೆಗೆ ಅಂಗಡಿ ಅಂಗಡಿಗೆ ಶೇಂಗಾ ಎಣ್ಣೆ ಹಾಕುವ ಅವರ ಮನೆಯಲ್ಲಿ ಮೋತಿಗೆ ಮುದ್ದೆ, ತಿಳಿಸಾರು, ಸೋಮವಾರ ಉಪ್ಪಿಟ್ಟು (ಅಂದು ಮನೆಯವರೆಲ್ಲರದೂ ಒಪ್ಪೊತ್ತು, ಮೋತಿಯದೂ). ಅಷ್ಟು ಆಚಾರವಂತ ನಾಯಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಅಷ್ಟು ಬಡಕಲು ನಾಯಿಯೂ ಇರಲಿಲ್ಲ.

ದನದ ಡಾಕ್ಟರು ಶಶಿಕಾಂತ್ ಅದರ ಪಕ್ಕೆಲುಬು ಒತ್ತಿ ನೋಡಿ, “ಇದು ನಾಯಿ ಸ್ವಾಮೀ, ಮಠದ ಶಿಷ್ಯ ಅಲ್ಲ. ದಿನಕ್ಕೊಂದು ಬೇಯಿಸಿದ ಮೊಟ್ಟೆ ಹಾಕ್ರಿ,” ಎಂದರು.

ಅಂಥ ಪದವನ್ನು ಬಾಯಲ್ಲಿ ಆಡುವ ಮನೆಯೇ ಅಲ್ಲ ಅದು. ಓಂಕಾರಮೂರ್ತಿಯವರ ಹೆಂಡತಿ ದಾಕ್ಷಾಯಿಣಿ ಇಡೀ ದಿನ ಯೋಚಿಸಿ, ಡಾಕ್ಟರು ಹೇಳಿದ್ದರಿಂದ ಅದು ಔಷಧವೇ ಸೈ ಎಂದು ತೀರ್ಮಾನಿಸಿ, ಮೊಟ್ಟೆಗೆ ‘ಗುಳಿಗೆ’ ಎಂದು ನಾಮಕರಣ ಮಾಡಿದರು. ಪಕ್ಕದ ಮನೆಯ ಸಕೀನಾ ಬೀ ತಮ್ಮ ಒಲೆಯ ಮೇಲೆಯೇ ಬೇಯಿಸಿ, ಸುಲಿದು, ಬಟ್ಟಲಲ್ಲಿ ಹಾಕಿ ಕಾಂಪೌಂಡ್ ಗೋಡೆಯ ಮೇಲೆ ಇಡುವುದು. ಓಂಕಾರಮೂರ್ತಿ ಅದನ್ನು ಹಿತ್ತಲಲ್ಲಿ ನಾಯಿಗೆ ತಿನ್ನಿಸಿ, ಕೈಕಾಲು ತೊಳೆದು ಒಳಗೆ ಬರುವುದು.

“ನಾನ್ಯಾಕೆ ಮುಟ್ಲಿ ಅದನ್ನ?”

“ಮತ್ತೆ ನಾನು ಮುಟ್ಲಾ? ದೇವ್ರ ಮನೆ ದೀಪ ಹಚ್ಚೋಳು ನಾನು. ನಾಳೆಯಿಂದ ನೀವು ಹಚ್ತೀರಾ?”

ಬೆಳಗ್ಗೆ ಬೇಗ ಏಳಬೇಕಾದ ಆ ಕೆಲಸಕ್ಕೆ ಅವರು ಒಪ್ಪಲಿಲ್ಲ.

ಮೊದಲ ದಿನ ಮೂಗು ಮುಚ್ಚಿಕೊಂಡು ಹಾಕಿದರು. ಮರುದಿನ ಮೂಗು ಬಿಟ್ಟರು. ಸಕೀನಾ ಬೀ ಅಭ್ಯಾಸಬಲದಿಂದ ಮೇಲೆ ಚೂರು ಉಪ್ಪು, ಮೆಣಸಿನ ಪುಡಿ ಉದುರಿಸಿರುತ್ತಿದ್ದರು. ಮೆಣಸು ನಾಯಿಗೆ ಆಗದು ಎಂಬ ಕಾಳಜಿಯಿಂದ ಓಂಕಾರಮೂರ್ತಿ ಮೇಲಿನ ಪದರವನ್ನು ತೆಗೆದರು. ಎಸೆಯುವುದು ಆಹಾರಕ್ಕೆ ಮಾಡುವ ಅವಮಾನವಲ್ಲವೇ? ತಿಂದರು. ವಾರದೊಳಗೆ ಆ ಕಾಳಜಿ ಹಳದಿಯವರೆಗೂ ಇಳಿಯಿತು. ಮೋತಿಗೆ ಬಟ್ಟಲು ನೆಕ್ಕುವ ಹಕ್ಕು ಉಳಿಯಿತು. ಅವರಿಗೆ ನಾಚಿಕೆ ಇತ್ತು, ಇಲ್ಲವೆನ್ನುವಂತಿಲ್ಲ; ಆದರೆ ಸಂಜೆಯಾದರೆ ಬಾಯಲ್ಲಿ ನೀರೂ ಇತ್ತು. ಊರವರಿಗೆಲ್ಲ ಆಚಾರ ಹೇಳುವ ತಾವು ಹೀಗೆ ಸಿಕ್ಕಿಬಿದ್ದರೆ ಪೇಟೆಯಲ್ಲಿ ತಲೆ ಎತ್ತಿ ತಿರುಗುವಂತಿಲ್ಲ ಎಂಬ ಭಯದಲ್ಲಿ ಬೇಗಬೇಗ ಅಗಿಯುತ್ತಿದ್ದರು.

ಮೋತಿಯ ಪಕ್ಕೆಲುಬುಗಳು ಮಾತ್ರ ಹಾಗೆಯೇ ಇದ್ದವು. ದಾಕ್ಷಾಯಿಣಿ ಗಂಡನಿಗೂ ಹೇಳದೆ ಅದನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಹೋಗಿ ಬಂದರು. ಸಂಜೆ ಎಂದಿನಂತೆ ಗೋಡೆಯ ಮೇಲೆ ಬಟ್ಟಲು ಬಂತು.

“ಏನ್ರೀ, ಇವತ್ತು ಗುಳಿಗೆ ಒಳಗೈತೆ. ಒಂಚೂರೂ ಬಿಡ್ದಂಗೆ ತಿನ್ಸ್ರಿ,” ಎಂದು ಅಡುಗೆಮನೆಯಿಂದ ದಾಕ್ಷಾಯಿಣಿ ಕೂಗಿದರು.

“ಒಳಗೆಲ್ಲೈತೆ? ಗೋಡೆ ಮ್ಯಾಗೇ ಐತಲ್ಲ,” ಎಂದು ಗೊಣಗಿಕೊಂಡು ಓಂಕಾರಮೂರ್ತಿ ಹೆಂಡತಿಯ ಮಾತಿನಂತೆ ಒಂಚೂರೂ ಬಿಡದೆ ತಿಂದರು. ತುಸು ಕಹಿಯೆನಿಸಿತು. ಸಕೀನಾ ಬೀಯ ಕೋಳಿಗಳು ಬೇವಿನಹಣ್ಣು ತಿಂದಿರಬೇಕು ಎಂದುಕೊಂಡರು.

“ಪೂರ್ತಿ ತಿಂತಾ?”

“ಪೂರ್ತಿ.”

“ಸದ್ಯ! ಹೊಟ್ಟೇಲಿ ಜಂತುಹುಳ ಅದಾವಂತೆ. ಅದಕ್ಕೇ ತಿಂದಿದ್ದು ಮೈಗೆ ಹತ್ತಿಲ್ಲ ಅಂದ್ರು ಡಾಕ್ಟ್ರು. ಜಂತಿನ ಗುಳಿಗೆ ಕೊಟ್ಟಿದ್ರು, ಸಕೀನಾ ಬೀ ಕೈಲಿ ಹಳದಿ ಒಳಗೆ ಇಡ್ಸಿದ್ದೆ. ಇನ್ನೇನು ಹಿತ್ಲಾಗೆ ಓಡಾಡ್ತೈತೆ, ಬಾಗ್ಲು ತೆಗ್ದೇ ಇಡ್ರಿ.”

ಓಂಕಾರಮೂರ್ತಿಗೆ ಕಣ್ಣು ಕತ್ತಲೆ ಬಂತು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ. ಎರಡನ್ನೂ ತೂಗಿ ನೋಡಿ ಮಾನವನ್ನೇ ಉಳಿಸಿಕೊಂಡರು. ಊಟದ ಹೊತ್ತಿಗೆ ಹೊಟ್ಟೆ ಗುಡುಗಿತು. ನಾಯಿಗೆಂದು ತೆರೆದಿಟ್ಟ ಬಾಗಿಲಲ್ಲಿ ಹಿತ್ತಲ ಪಾಯಿಖಾನೆಗೆ ಅವರೇ ಓಡಿದರು, ಬಂದರು, ಮತ್ತೆ ಓಡಿದರು. ಮೋತಿ ಹೊಸಿಲ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿ, ಯಜಮಾನರು ಹಾದಾಗಲೆಲ್ಲ ಬಾಲ ಅಲ್ಲಾಡಿಸಿತು.

ದಾಕ್ಷಾಯಿಣಿ ನಾಯಿಯನ್ನು ನೋಡಿದರು. ಗಂಡನನ್ನು ನೋಡಿದರು. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಡಾಕ್ಟ್ರೇ, ಗುಳಿಗೆ ಕೆಲ್ಸ ಮಾಡ್ತಾ ಐತೆ. ಹಿತ್ಲಿಗೆ ಹೋಗೋದು, ಬರೋದು, ಅದೇ ಆಗೈತೆ.”

“ಒಳ್ಳೇದಾಯ್ತು ಬಿಡ್ರಮ್ಮ. ಮಜ್ಜಿಗೆ ಅನ್ನ ಹಾಕ್ರಿ. ಹದಿನೈದು ದಿನ ಬಿಟ್ಟು ಇನ್ನೊಂದು ಗುಳಿಗೆ ಕೊಡ್ಬೇಕು. ಇವತ್ತು ಅಂದಾಜಿನ ಮ್ಯಾಲೆ ಕೊಟ್ಟೆ, ಮುಂದಿನ್ದು ತೂಕ ನೋಡೇ ಕೊಡ್ಬೇಕು. ಎಷ್ಟೈತೆ ತೂಕ?”

ಹೊಟ್ಟೆ ಹಿಡಿದುಕೊಂಡು ಹೊಸಿಲು ದಾಟುತ್ತಿದ್ದ ಗಂಡನನ್ನು ದಾಕ್ಷಾಯಿಣಿ ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಂಬತ್ತು ಕೇಜಿ ಮ್ಯಾಲೇ ಐತ್ರಿ ಡಾಕ್ಟ್ರೇ.”